ಪಡದೆಯ ಈಚೆಗಿನ ಪಾಲು

“ಪಡದೆ ಸರಸ್ರಿ ಆಪಾ. ಇವತ್ತ ನಾ ಒಳಗ ನೋಡಾಕಿನ.”

ಚಪ್ಪಲಿ ಬಿಡುವ ಮೊದಲೇ ಮಹಾನಂದಾ ಅಂದಳು. ಬಾಗಿಲು ಬಡಿದೊಡನೆ ಒಳಗಿನ ಮಗ್ಗದ ಸದ್ದು ಎಂದಿನಂತೆ ನಿಂತುಹೋಗಿತ್ತು. ಫಾತಿಮಾಬಿ ಕೈಯ ಬಿಳಿ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಬಂದು, ಪಡದೆಗೆ ಬೆನ್ನು ಕೊಟ್ಟು ಕೂತಳು. ಅರವತ್ತು ದಾಟಿದ ಹೆಂಗಸು. ಕೂತರೆ ಬಂಡೆ.

“ನಿಮ್ಮ ಪಾಲು ಇರೂದು ಜಮಖಾನದಾಗ, ಮಹಾನಂದವ್ವಾ. ನಮ್ಮ ಒಳಮನ್ಯಾಗ ಅಲ್ಲ.”

ಮಹಾನಂದಾ ಅಣ್ಣಿಗೇರಿಯ ವ್ಯಾಪಾರಸ್ಥರ ಮನೆಯವಳು. ಅಲ್ಲಿ ಪಾಲುಗಾರಿಕೆ ಎಂದರೆ ಬಾಂಡ್ ಪೇಪರಿನ ಮೇಲೆ ಇಬ್ಬರ ಸಹಿ, ಗೋದಾಮಿನ ಕೀಲಿಕೈ ಇಬ್ಬರ ಸೊಂಟದಲ್ಲೂ. ನವಲಗುಂದದ ಈ ಮನೆಯಲ್ಲಿ ಆಡಿದ ಮಾತೇ ಬಾಂಡ್. ಒಳಗೇನು ನಡೆಯುತ್ತದೆಂದು ಕೇಳುವುದೇ ಅವಮಾನ. ಎಂಟು ತಿಂಗಳಿಂದ ಇಬ್ಬರೂ ಸೇರಿ ಜಮಖಾನ ಮಾರುತ್ತಿದ್ದರು. ಎಂಟು ತಿಂಗಳಿಂದ ಒಬ್ಬರನ್ನು ಕಂಡು ಒಬ್ಬರು ಹಲ್ಲು ಕಡಿಯುತ್ತಿದ್ದರು.

ಲೇಬಲ್ಲಿನ ಮೇಲೆ, ನೇಯ್ದವಳೆಂದು, ಫಾತಿಮಾಬಿಯ ಮುಖವಿತ್ತು. “ನನ್ನ ಫೋಟೋ ಬ್ಯಾಡ್ರಿ” ಎಂದು ಮುದುಕಿ ಕೈ ಮುಗಿದಿದ್ದಳು. ಪಡದೆಯವರ ನಾಚಿಕೆ ಎಂದುಕೊಂಡು ಮಹಾನಂದಾ ಸಾವಿರ ಲೇಬಲ್ಲು ಅಚ್ಚು ಹಾಕಿಸಿಯೇಬಿಟ್ಟಿದ್ದಳು.

“ಬುಧವಾರ ಮುಂಬಯಿಯವ್ರು ಬರಾಕತ್ತಾರ. ಮಗ್ಗದ ಮುಂದ ಕುಂತು ನೇಯೂದನ್ನ ಕಣ್ಣಾರೆ ನೋಡಿದ್ರಷ್ಟ ವರ್ಷದ ಆರ್ಡರ್ ಕೊಡ್ತಾರ.”

“ಮಾಲು ನೋಡ್ಲಿ. ಮಂದೀನ್ನ ಯಾಕ ನೋಡ್ಬೇಕು?”

ಈ ಆರ್ಡರ್ ತಪ್ಪಿದರೆ ಮಹಾನಂದಾಳ ಅಂಗಡಿ ಮೈದುನ ಕಾಶಿನಾಥನ ಕೈಸೇರುತ್ತಿತ್ತು. ಗಂಡ ತೀರಿದ ಮೇಲೆ, ಯಾರನ್ನೂ ಕೇಳದೆ ಅವಳು ಕೂರಬಹುದಾದ ಜಾಗ ಅದೊಂದೇ. “ವೈನಿ, ಜಮಖಾನ ಮಾರೂದು ಸಾಕು, ಹಾಸ್ಕೊಂಡು ಮಲಗೂದು ಕಲೀರಿ” ಎಂದು ಅವನು ದಿನಾ ಚುಚ್ಚುತ್ತಿದ್ದ. ಅದು ನೆನಪಾಗಿ ಅವಳ ದನಿ ಏರಿತು.

“ನಾಕು ಮಂದಿ ಹುಡುಗ್ಯಾರಿಗೆ ಕಲಸ್ರಿ ಅಂದೆ. ಅದನ್ನೂ ಒಲ್ಲೆ ಅಂದ್ರಿ.”

“ಈ ಮನಿ ನೇಯ್ಗಿ ಮನಿ ಸೊಸಿಗಷ್ಟ. ಕಲ್ತು ಗಂಡನ ಮನಿಗೆ ಒಯ್ದಾಳಂತ ಹಡದ ಮಗಳಿಗೂ ಹೇಳಿಕೊಡೂದಿಲ್ಲ. ಮುತ್ತಜ್ಜಿ ಕಾಲದ ರಿವಾಜು.”

“ಹಡದ ಮಗಳನ್ನ ನಂಬದವ್ರು ನನ್ನ ನಂಬ್ತೀರೇನು!”

ಫಾತಿಮಾಬಿಯ ಮುಖ ಒಂದು ಗಳಿಗೆ ಬಿಗಿಯಿತು.

ಮನೆಯ ಸೊಸೆ ಮೌಲಾಬಿ ನೀರಿನ ತಂಬಿಗೆ ತಂದಿಟ್ಟು ಗೋಡೆಗೆ ಆನಿಕೊಂಡು ನಿಂತಳು. ನಲವತ್ತರ ಬಡಕಲು ಹೆಂಗಸು. ಗಂಡ ಗೋವಾದಲ್ಲಿ ಮನೆ ಕಟ್ಟುವ ಗವಂಡಿ. ಅವಳ ಬಾಯಿಂದ “ಆಪಾ” ಎಂಬುದೊಂದನ್ನು ಬಿಟ್ಟು ಬೇರೆ ಮಾತನ್ನು ಮಹಾನಂದಾ ಕೇಳಿರಲಿಲ್ಲ. ಅದನ್ನು ಕೇಳಿಯೇ ತಾನೂ ಮುದುಕಿಯನ್ನು ಹಾಗೆ ಕರೆಯುತ್ತಿದ್ದಳು. ಯಾವಾಗ ಬಂದರೂ ಈ ಮೌನಿ ಗೋಡೆಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ಇಕಿನ್ನ ನೋಡ್ರಿ, ಬಾಯಿಲ್ಲ, ಬರೇ ಕಿವಿ. ಹುಬ್ಬಳ್ಳಿ ಅಂಗಡ್ಯಾಗ ನಮ್ಮ ಪಗಡಿ ಚಿತ್ತಾರದ ಹಾಸು ಹೆಂಗ ಬಂತು? ಮಾರ್ಕೊಂಡಾಕಿ ಯಾರು?”

“ಪಗಡಿ ಹಾಸು ಊರಿಗೆಲ್ಲಾ ಐತಿ.”

“ನನಗ ಹೇಳಬ್ಯಾಡ್ರಿ. ಈ ಮನ್ಯಾಗ ಇಕಿ ಇರಬೇಕು, ಇಲ್ಲಾ ನಾ ಇರಬೇಕು.”

“ಆಕಿ ಹೋದ್ರ ಮಗ್ಗ ನಿಂತಂಗ.”

ಸೊಸೆಯನ್ನು ಅಂದರೆ ಕೆಲಸ ನಿಲ್ಲಿಸಿಬಿಡುತ್ತೇನೆಂದು ಮುದುಕಿ ಬೆದರಿಸುತ್ತಿದ್ದಾಳೆ! ಮಹಾನಂದಾಳ ಮೈ ಉರಿಯಿತು.

“ಹೆದರಸ್ತೀರೇನು? ಕಳ್ಳೀನ್ನ ಬಾಜೂಕ ಇಟ್ಕೊಂಡು ವ್ಯವಹಾರ ಮಾಡೂದು ನಮ್ಮ ಪದ್ಧತಿ ಅಲ್ಲ.”

“ಮನಿ ಹೆಂಗಸಿನ ಮಾನ ಅಂಗಳದಾಗ ಎಳಿಯೂದು ನಮ್ಮದಲ್ಲ.”

ಮೌಲಾಬಿ ಮೊದಲ ಸಲ ತಲೆಯೆತ್ತಿ ಮಹಾನಂದಾಳನ್ನು ನೆಟ್ಟಗೆ ನೋಡಿದಳು. ಮುಟ್ಟದ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಮುಂಬಯಿಯ ಇಬ್ಬರನ್ನು ಕಾರಿನಿಂದ ಇಳಿಸಿಕೊಂಡು ಮಹಾನಂದಾ ಬಂದಾಗ ಪಡದೆ ಸರಿದಿತ್ತು. ಅರ್ಧ ನೇಯ್ದ ಜಮಖಾನ ಮಗ್ಗದ ಮೇಲೆ ನೆಟ್ಟಗೆ ನಿಂತಿತ್ತು. ಅದರ ಮುಂದೆ ಫಾತಿಮಾಬಿ ಒಬ್ಬಳೇ.

“ಮೌಲಾಬಿ?”

“ನಿನ್ನಿ ಮುಂಜಾನಿ ಗೋವಾಕ ಹೋದ್ಲು. ಕಳ್ಳಿ ಅನಿಸ್ಕೊಂಡು ಇರಾಕಿ ಅಲ್ಲ. ಇನ್ನ ಈ ಹೊಸ್ತಿಲಾ ತುಳಿಯೂದಿಲ್ಲ ಅಂದಾಳ. ಫೋನ್ ಹಚ್ಚಿದ್ರ ಎತ್ತವಲ್ಲಳು.”

“ಛಲೋ ಆತು ಬಿಡ್ರಿ” ಎಂದಳು ಮಹಾನಂದಾ. ಪಡದೆಯೂ ಸರಿಯಿತು, ಪೀಡೆಯೂ ತೊಲಗಿತು. ಎಂಟು ತಿಂಗಳ ಜಗಳವನ್ನು ಒಂದೇ ದಿನ ಗೆದ್ದಂತಾಯಿತು.

ಬಂದವರು ನೆಲದ ಮೇಲೆ ಕೂತು ಮೊಬೈಲ್ ಎತ್ತಿ ಹಿಡಿದರು. ಒಬ್ಬ ಲೇಬಲ್ಲಿನ ಮುಖವನ್ನೂ ಎದುರಿನ ಮುಖವನ್ನೂ ಹೋಲಿಸಿ ನೋಡಿ, ಖುಷಿಯಿಂದ ತಲೆಯಾಡಿಸಿದ.

“ಕೂಡ್ರಿ ಆಪಾ” ಎಂದಳು ಮಹಾನಂದಾ, ಗೆದ್ದವಳ ದನಿಯಲ್ಲಿ. “ಒಂದು ಗೇಣು ನೇಯ್ದು ತೋರಸ್ರಿ, ಸಾಕು.”

ಎಳೆ ಬಡಿಯುವ ಕಬ್ಬಿಣದ ಪಂಜಾವನ್ನು ಫಾತಿಮಾಬಿ ಎತ್ತಿಕೊಂಡಳು. ಪರರ ಕೂಸನ್ನು ಎತ್ತಿಕೊಂಡವಳಂತೆ ಕ್ಷಣ ಹಿಡಿದು ನಿಂತಳು. ಆಮೇಲೆ ಅದನ್ನು ಮಹಾನಂದಾಳ ಅಂಗೈಯಲ್ಲಿಟ್ಟಳು.

“ಮೌಲಾಬಿ ನನ್ನ ತಮ್ಮನ ಹೇಣ್ತಿ, ಮಹಾನಂದವ್ವಾ, ನಾ ಈ ಮನಿ ಮಗಳು.”