ಹಿತ್ತಲಿನ ಮೇಲಿನ ಆಕಾಶ

“ಡ್ರೋನು ಬೀಳೋ ತನಕದ್ದೆಲ್ಲ ನನ್ನ ಫೋನಿಗೆ ಬಂದಿದೆ ಮೇಡಂ. ಆದ್ರೆ ಎಲ್ಲರ ಮುಂದೆ ಬೇಡ. ತಾವೊಬ್ಬರೇ ಒಳಗೆ ಕೂತು ನೋಡಿದ್ರೆ ಒಳ್ಳೇದು,” ಎಂದು ಫೋಟೋಗ್ರಾಫರ್ ತಲೆ ತಗ್ಗಿಸಿ ನ್ಯಾಯಾಧೀಶೆಗೆ ಹೇಳಿದ. ಹೇಳುವಾಗ ಅವನ ಕಣ್ಣು ಸಾಕ್ಷಿಗಳ ಬೆಂಚಿನ ಕಡೆ ಒಮ್ಮೆ ಹಾಯ್ದು ಹಿಂದಕ್ಕೆ ಬಂತು. ಅಲ್ಲಿ ಕೂತಿದ್ದ ಹೆಂಗಸು ಪಕ್ಕದಲ್ಲಿದ್ದ ಗಂಡನತ್ತ ನೋಡಿದಳು.

“ಯಾಕೆ ಬೇಡ? ಎಲ್ಲರೆದುರೇ ತೋರಿಸಲಿ ಮೇಡಂ!” ಅವಳ ಗಂಡ ಎದ್ದು ನಿಂತ. “ನಮ್ಮ ಹಿತ್ತಲಲ್ಲಿ ಮುಚ್ಚಿಡೋವಂಥದ್ದು ಏನೂ ಇಲ್ಲ. ಈಗ ನೋಡಿ, ಹೆಂಗೆ ಬಾಲ ಮುದುರ್ಕೊಂಡ.”

ವ್ಯಾಜ್ಯವೇನೂ ಅಂಥ ದೊಡ್ಡದಲ್ಲ. ಪಕ್ಕದ ಮನೆ ಮಾರಾಟಕ್ಕಿತ್ತು. ಅದರ ಚಿತ್ರ ತೆಗೆಯಲು ಫೋಟೋಗ್ರಾಫರ್ ಹಾರಿಸಿದ ಡ್ರೋನು ಗಾಳಿಗೆ ಸರಿದೋ, ಕೈತಪ್ಪಿಯೋ ಇವರ ಹಿತ್ತಲಿನ ಮೇಲೆ ಬಂದು ನಿಂತಿತ್ತು. ಕಾರು ತೊಳೆಯುತ್ತಿದ್ದ ಗಂಡ ಪೈಪಿನ ನೀರನ್ನು ರಭಸವಾಗಿ ಅದರತ್ತ ಚಿಮ್ಮಿಸಿ ಕೆಡವಿದ್ದ. ಡ್ರೋನು ಹಾಳಾಯಿತೆಂದು ಫೋಟೋಗ್ರಾಫರ್ ಕೇಸು ಹಾಕಿದ. ಕೇಳದೆ ನಮ್ಮ ಮನೆಯ ಮೇಲೆ ಹಾರಿಸಿದನೆಂದು ಇವನೂ ಕೇಸು ಹಾಕಿದ. “ನೆಲಕ್ಕೆ ಕಂದಾಯ ಕಟ್ತೀರಿ, ಸರಿ. ಆಕಾಶಕ್ಕೂ ಕಟ್ತೀರೇನ್ರೀ?” ಎಂದು ನ್ಯಾಯಾಧೀಶೆ ಬೆಳಿಗ್ಗೆ ಕೇಳಿದಾಗ ಕೋರ್ಟಿಗೆ ಕೋರ್ಟೇ ನಕ್ಕಿತ್ತು. ಗಂಡನೂ ನಕ್ಕಿದ್ದ. ಡ್ರೈವಿಂಗ್ ಸ್ಕೂಲು ನಡೆಸುವವನು. ಗೇರು ಹಾಕಲು ಬಾರದೆ ಕಾರನ್ನು ಚರಂಡಿಗೆ ಇಳಿಸಿದವರ ಮೇಲೂ ದನಿ ಎತ್ತಿದವನಲ್ಲ. ತಾಳ್ಮೆಯ ಮೇಷ್ಟ್ರು ಎಂದೇ ಬೀದಿಯಲ್ಲೆಲ್ಲ ಹೆಸರು.

ಡ್ರೋನು ಬಿದ್ದ ಆ ಬೆಳಿಗ್ಗೆಯೂ ಅವನು ದನಿ ಎತ್ತಿರಲಿಲ್ಲ. ಅವಳು ಹಗ್ಗಕ್ಕೆ ಹಾಕಿದ ಒದ್ದೆ ಹೊದಿಕೆಯಿಂದ ನಾಲ್ಕು ಹನಿ, ಅವನು ಆಗಷ್ಟೇ ಒರೆಸಿದ ಬಾನೆಟ್ಟಿನ ಮೇಲೆ ಬಿದ್ದಿದ್ದವು. ಒರೆಸುವ ಬಟ್ಟೆಯನ್ನು ಕೆಳಗಿಟ್ಟು ಬಂದ. ಅವಳ ಜಡೆ ಹಿಡಿದು ಮೂಲೆಯ ಡ್ರಮ್ಮಿನ ನೀರಿಗೆ ತಲೆಯನ್ನು ಅದುಮಿದ. ಅವಳ ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಅದು ನೀರಿನ ಸದ್ದೋ, ಡ್ರೋನಿನ ಸದ್ದೋ? ತಲೆ ಹೊರಗೆ ಬಂದ ಮೇಲೆ ಡ್ರೋನು ಬಂದಿತೋ, ಮೊದಲೇ ಬಂದು ನಿಂತಿತ್ತೋ? ಕೇಸು ಹಾಕಿದಂದಿನಿಂದ ಅವಳು ಮನಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡುತ್ತಿದ್ದುದು ಇದೊಂದನ್ನೇ. ಬಗೆಹರಿದಿರಲಿಲ್ಲ.

ಕೋರ್ಟಿಗೆ ಬರುವ ಹಿಂದಿನ ದಿನ ಊಟ ಬಡಿಸುತ್ತ ಮೆಲ್ಲಗೆ ಬಾಯಿ ಬಿಟ್ಟಿದ್ದಳು. “ವಿಡಿಯೊ ಗಿಡಿಯೊ ಎಲ್ಲ ಯಾಕ್ರೀ? ರಾಜಿ ಮಾಡ್ಕೊಂಡ್ಬಿಡಿ.”

“ಅವತ್ತು ಅಂಥಾದ್ದೇನು ನಡೆದಿದೆ, ಹೆದರೋಕೆ?” ಎಂದಿದ್ದ ಅವನು. ಆ ಮುಖದಲ್ಲಿದ್ದ ಅಚ್ಚರಿ ನಿಜವಾದದ್ದು. ಅವನಿಗೆ ನೆನಪೇ ಇರಲಿಲ್ಲ. ಮೊನ್ನೆ ಎಷ್ಟು ಹೊತ್ತಿಗೆ ನೀರು ಕುಡಿದೆ ಎಂದು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ?

ಈಗ ಅವಳು ಕೈಚಾಚಿ ಅವನ ಅಂಗಿಯ ತೋಳನ್ನು ಹಿಡಿದೆಳೆದಳು. “ರೀ, ಬಿಟ್ಬಿಡಿ. ಮೇಡಂ ಒಬ್ಬರೇ ನೋಡಲಿ.” ಅವನು ತಿರುಗದೆಯೇ, ಅವಳಿಗೆ ಮಾತ್ರ ಕೇಳುವಂತೆ, “ಕೈ ತೆಗಿ,” ಎಂದ. ತೆಗೆದಳು.

ನ್ಯಾಯಾಧೀಶೆ ತೋರಿಸಲು ಹೇಳಿದರು. ಗೋಡೆಯ ಪರದೆಯ ಮೇಲೆ ಪಕ್ಕದ ಮನೆಯ ಮಾಡು ಮೂಡಿತು, ನೀರಿನ ಟ್ಯಾಂಕು, ಆಮೇಲೆ ಕಾಂಪೌಂಡು. ಚಿತ್ರ ನಿಧಾನವಾಗಿ ಈಚೆಗೆ ಜಾರಿತು. ಹೊದಿಕೆ ತೂಗುವ ಹಗ್ಗ, ತೊಳೆದ ಕಾರು, ನೀಲಿ ಡ್ರಮ್ಮು. ಡ್ರಮ್ಮಿನ ಬಳಿ ಇಬ್ಬರು ಇದ್ದರು. ತಲೆ ಒಂದೇ ಕಾಣುತ್ತಿತ್ತು. ಎರಡು ಕೈಗಳು ಡ್ರಮ್ಮಿನ ಅಂಚನ್ನು ಬಡಿಯುತ್ತಿದ್ದವು. ಸದ್ದಿರಲಿಲ್ಲ. ಕೋರ್ಟಿನ ಟೈಪಿಸ್ಟನ ಬೆರಳುಗಳು ನಿಂತವು. ತಡವಾಗಿ, ತುಂಬ ತಡವಾಗಿ, ಇನ್ನೊಂದು ತಲೆ ನೀರಿನಿಂದ ಮೇಲೆದ್ದಿತು. ಗಂಡಸು ಪ್ಯಾಂಟಿಗೆ ಕೈ ಒರೆಸಿಕೊಂಡ, ಮೇಲಕ್ಕೆ ನೋಡಿದ, ಪೈಪನ್ನು ಎತ್ತಿಕೊಂಡ. ಪರದೆ ಕಪ್ಪಾಯಿತು.

“ನೋಡಿದ್ರಾ ಮೇಡಂ!” ಗಂಡ ಪರದೆಗೆ ಬೆರಳು ತೋರಿಸಿದ. “ನಮ್ಮ ಗೋಡೆ ದಾಟಿ ಎಷ್ಟು ಒಳಗೆ ಬಂದುಬಿಟ್ಟಿದೆ ನೋಡಿ! ಇನ್ನೇನು ಸಾಕ್ಷಿ ಬೇಕು?”

ಎಲ್ಲರ ಕಣ್ಣೂ ಪರದೆ ಬಿಟ್ಟು ಅವನ ಮೇಲಿತ್ತು. ಅವನು ಆಚೀಚೆ ನೋಡಿದ. ಎತ್ತಿದ ಬೆರಳು ತಾನಾಗಿ ಕೆಳಗಿಳಿಯಿತು. ಹೆಂಡತಿಯ ಕಡೆ ತಿರುಗಿ, ಕಾರು ಕಲಿಯಲು ಬಂದವರಿಗೆ ಧೈರ್ಯ ಹೇಳುವಾಗಿನ ಆ ನಗು ನಕ್ಕು ಕೂತ.

ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. ಕಣ್ಸನ್ನೆ ಮಾಡಿದ್ದೇ ತಡ, ಬಾಗಿಲ ಬಳಿಯಿದ್ದ ಮಹಿಳಾ ಪೊಲೀಸು ಬಂದು ಗಂಡ ಹೆಂಡಿರ ನಡುವೆ ಜಾಗ ಮಾಡಿಕೊಂಡು ಕೂತಳು.

“ಅಮ್ಮಾ,” ಎಂದರು ನ್ಯಾಯಾಧೀಶೆ. “ಡ್ರೋನಿನ ವಿಷಯ ಹಾಗಿರಲಿ. ಇವರ ಜೊತೆ ಮನೆಗೆ ಹೋಗೋಕೆ ನಿಮಗೆ ಭಯ ಇದೆಯಾ?”

ಇದನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ನೆಲವನ್ನೇ ನೋಡುತ್ತ, ನಿಜವನ್ನು ಇದ್ದದ್ದು ಇದ್ದಂತೆ ಹೇಳಬೇಕು ಎನ್ನುವವಳ ಹಾಗೆ ಯೋಚಿಸಿದಳು.

“ದಾರೀಲಿ ಏನೂ ಮಾಡಲ್ಲ ಮೇಡಂ,” ಎಂದಳು. “ಒಳಗೆ ಹೋಗಿ, ಚಿಲಕ ಹಾಕ್ಕೊಂಡ ಮೇಲೇ.”