ಅಕ್ಕನಿಗೆ ಕೊಡುವ ತುಂಡು

“ಉಸಿರು ಬಿಡಿ. ಹಾಗೇ ತಡೀರಿ. ಅಲುಗಾಡಬೇಡಿ.”

ಬಲಪಕ್ಕೆಯೊಳಗೆ ಸೂಜಿ ಟಕ್ ಎಂದಿತು. ಬೀಗ ರಿಪೇರಿಯವನಿಗೆ ಆ ಸದ್ದು ಹೊಸದಲ್ಲ. ಇಪ್ಪತ್ತು ವರ್ಷ ಅದನ್ನು ಕೇಳಿಯೇ ಹೊಟ್ಟೆ ಹೊರೆದವನು. ಹೊರಬಂದದ್ದು ದಾರದೆಳೆಯಂಥ ಒಂದು ತುಣುಕು.

“ಇಷ್ಟೇನಾ? ಅಕ್ಕನಿಗೆ ಅರ್ಧ ಲಿವರ್ರೇ ಕೊಡೋನು ನಾನು,” ಎಂದ.

ಪಕ್ಕದ ಕೋಣೆಯಲ್ಲಿ ಅಕ್ಕನಿಂದಲೂ ಒಂದು ತುಣುಕು ತೆಗೆದರು. ಅವಳ ಲಿವರ್ ಕಲ್ಲಾಗಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ತಮ್ಮನದರಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡಬೇಕಿತ್ತು, ಅಕ್ಕನದರಲ್ಲಿ ಕಾಯಿಲೆಯ ಬೇರು ಹುಡುಕಬೇಕಿತ್ತು. ನರ್ಸ್ ಎರಡೂ ಸೀಸೆಗಳ ಮೇಲಿನ ಹೆಸರನ್ನು ಅವರವರ ಬಾಯಲ್ಲೇ ಎರಡೆರಡು ಸಲ ಓದಿಸಿದಳು.

ತಾಯಿ ಹೋದಾಗ ಅವನಿಗೆ ಆರು ವರ್ಷ. ಹೊಲಿಗೆ ಯಂತ್ರ ತುಳಿದು ಸಾಕಿದವಳು ಅಕ್ಕ. ಅವಳಿಗೆ ಲಿವರ್ ಬೇಕೆಂದಾಗ ಅವನು ಎರಡನೇ ಮಾತಾಡಲಿಲ್ಲ. ಆಮೇಲೆ ಮಾತ್ರ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಕೀಲಿ ಮಾಡಿಸಲು ಬಂದವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

“ಬೇಕಾದ್ರೆ ನನ್ನದೂ ನೋಡಲಿ,” ಎಂದಿದ್ದ ಭಾವ.

“ನೀವು ಸೂಜಿ ಕಂಡ್ರೇ ಬೀಳ್ತೀರಿ ಭಾವ, ಸುಮ್ನಿರಿ,” ಎಂದು ಇವನು ನಕ್ಕಿದ್ದ. ಭಾವ ಎದ್ದು ಅಕ್ಕನ ಮಾತ್ರೆ ಎಣಿಸತೊಡಗಿದ್ದ. ಅವನು ಮಾತಿಗಿಂತ ಮೌನವೇ ಜಾಸ್ತಿ ಇರುವ ಮನುಷ್ಯ.

ಮೂರು ದಿನಕ್ಕೆ ಬರಬೇಕಿದ್ದ ವರದಿ ಹತ್ತು ದಿನವಾದರೂ ಬರಲಿಲ್ಲ. ಕೇಳಿದರೆ ಡಾಕ್ಟರು ಹೇಳಿದರು: “ಲಿವರ್‌ನಲ್ಲಿ ರಕ್ತದ ಬಿಳಿ ಕಣಗಳು ಗುಂಪುಗಟ್ಟಿವೆ. ಬರೀ ಉರಿಯೂತ ಆಗಿದ್ರೆ ಅದು ಸಂತೆ ಜನ ಇದ್ದ ಹಾಗೆ, ಎಲ್ಲಾ ಥರದವೂ ಇರ್ತವೆ. ಇಲ್ಲಿ ಎಲ್ಲಾ ಒಂದೇ ಅಚ್ಚು. ಬೇರೆ ಬೇರೆ ಬಣ್ಣ ಹಾಕಿ ಜಾತಿ ಗುರುತಿಸಬೇಕು. ಅಲ್ಲೀತನಕ ಏನೂ ಹೇಳಕ್ಕಾಗಲ್ಲ.”

ಹೇಳುತ್ತಲೇ ಅವರು ಇವನ ಕುತ್ತಿಗೆ, ಕಂಕುಳು ಒತ್ತಿ ನೋಡಿದರು. ಕೊಡುವ ಮಾಲನ್ನು ಇಷ್ಟು ಪರೀಕ್ಷೆ ಮಾಡದೆ ಒಯ್ಯುತ್ತಾರೆಯೇ ಎಂದುಕೊಂಡ.

“ತೂಕ ಇಳಿದಿದೆಯಲ್ಲ?”

“ನೀವು ನಾಲ್ಕು ಕೆಜಿ ಇಳಿಸು ಅಂದ್ರಿ, ಒಂಬತ್ತು ಇಳಿಸಿದೀನಿ ಸಾರ್. ಮಾತು ಕೊಟ್ಟ ಮೇಲೆ ಹಾಗೇ ನಾನು.”

“ಜ್ವರ? ಮಲಗಿದಾಗ ಬೆವರು?”

“ಹೊಟ್ಟೆ ಕೊಯ್ಯಿಸ್ಕೊಳ್ಳೋನಿಗೆ ಬೆವರದೆ ಇರುತ್ತಾ ಸಾರ್?”

ಡಾಕ್ಟರು ನಗಲಿಲ್ಲ. ಬರೆದುಕೊಂಡರು.

ಹದಿಮೂರನೆಯ ದಿನ ಬೆಳಗ್ಗೆ ಕರೆ ಬಂತು. ಮೂವರೂ ಹೋದರು. ಡಾಕ್ಟರು ಇವನನ್ನು ನೋಡಿ, “ನೀವೊಬ್ರೇ ಬನ್ನಿ,” ಎಂದರು.

ಇವನು ಅಕ್ಕನ ಭುಜ ಹಿಡಿದ. “ನಮ್ಮಲ್ಲಿ ಮುಚ್ಚುಮರೆ ಇಲ್ಲ ಸಾರ್. ಏನಿದ್ರೂ ಮೂವರ ಮುಂದೇನೇ ಹೇಳಿ.”

“ಖಂಡಿತಾನಾ?”

“ಖಂಡಿತ.”

ಡಾಕ್ಟರು ಕಾಗದದಿಂದ ಕಣ್ಣೆತ್ತಲಿಲ್ಲ. “ಲಿಂಫೋಮಾ ಅಂತಾರೆ. ಬಿಳಿ ಕಣಗಳ ಕ್ಯಾನ್ಸರ್. ಸ್ಕ್ಯಾನ್‌ನಲ್ಲಿ ಗಂಟು ಕಾಣಿಸಿರಲಿಲ್ಲ, ಯಾಕಂದ್ರೆ ಅದು ಲಿವರ್ ತುಂಬ ಹರಡಿ ಕೂತಿದೆ. ತುಣುಕು ತೆಗೀದೇ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ. ಈ ಜಾತಿ ಔಷಧಿಗೆ ಬಗ್ಗುತ್ತೆ. ಇವತ್ತೇ ಸೇರ್ಕೊಂಡ್ರೆ ಒಳ್ಳೇದು.”

ಇವನು ಅಕ್ಕನ ಕೈ ಗಟ್ಟಿಯಾಗಿ ಹಿಡಿದ. ಅವಳ ಕೈ ತಣ್ಣಗಿತ್ತು. ಆದರೂ ಅವಳು ತಮ್ಮನ ಕಡೆ ತಿರುಗಿ ನಗಲು ನೋಡಿದಳು.

“ಹಾಗಾದ್ರೆ ನಿನ್ನ ಹೊಟ್ಟೆ ಕೊಯ್ಯಲ್ಲ ಕಣೋ. ನೀನಾದ್ರೂ ಪಾರಾದೆಯಲ್ಲ.”

“ಸುಮ್ನಿರಕ್ಕ!” ಅವನು ಡಾಕ್ಟರ ಕಡೆ ತಿರುಗಿದ. “ಸಾರ್, ಆಪರೇಷನ್ ಬೇಡ ಅಂತೀರಾ? ನಾನು ಅದಕ್ಕೇ ಅಂತ ಒಂಬತ್ತು ಕೆಜಿ...”

“ಆಪರೇಷನ್ ಆಗುತ್ತೆ,” ಎಂದರು ಡಾಕ್ಟರು. “ನಿಮ್ಮ ಭಾವ ಹೋದ ವಾರವೇ ಬಂದು ಪರೀಕ್ಷೆ ಮಾಡಿಸ್ಕೊಂಡಿದ್ದಾರೆ, ಅವರದು ಹೊಂದುತ್ತೆ.”

“ಕ್ಯಾನ್ಸರ್ ಇದ್ರೂ ಅಕ್ಕನಿಗೆ ಆಪರೇಷನ್ನಾ ಸಾರ್?” ಎಂದ ಇವನು. ಡಾಕ್ಟರು ಕಾಗದ ಬಿಟ್ಟು ತಲೆಯೆತ್ತಿ ನೇರ ತಮ್ಮನ ಮುಖ ನೋಡಿದರು.

“ಲಿಂಫೋಮಾ ಸಿಕ್ಕಿರೋದು ನಿಮ್ಮ ತುಣುಕಿನಲ್ಲಿ.”