ಒಣಗದ ಗೋಡೆ

ಗೋಡೆ ಮತ್ತೆ ಒದ್ದೆಯಾಗಿತ್ತು.

ಕರೆಂಟ್ ಆಫೀಸಿನ ಇನ್ಸ್‌ಪೆಕ್ಟರ್ ತೇವ ಅಳೆಯುವ ಯಂತ್ರವನ್ನು ಗಾರೆಗೆ ಒತ್ತಿ ಹಿಡಿದರು. ಕೆಂಪು ದೀಪ ಹತ್ತಿತು. "ಇಲ್ಲಮ್ಮ, ಈ ವಾರವೂ ಆಗಲ್ಲ. ಗೋಡೆ ಒಣಗದೆ ಕರೆಂಟ್ ಕೊಡೋ ಹಾಗಿಲ್ಲ."

"ಹೋದ ವಾರಕ್ಕಿಂತ ಜಾಸ್ತಿ ತೇವ ಇದೆಯಲ್ಲ ಸಾರ್! ಇದೇನು ಗೋಡೆಯೋ, ಬಾವಿಯೋ?" ಎಂದಳು ಅಕ್ಕ.

"ಅದನ್ನೇ ನಾನೂ ಕೇಳ್ತಿದೀನಿ. ಎಲ್ಲಿಂದಲೋ ನೀರು ಬೀಳ್ತಿದೆ, ನೋಡಿ."

ಅಕ್ಕನಿಗೆ ರೇಗಿತು. ಒದ್ದೆಯಾದದ್ದನ್ನು ಒಣಗಿಸುವುದೇ ಅವಳ ಕಸುಬು. ಇಪ್ಪತ್ತು ವರ್ಷದಿಂದ ಲಾಂಡ್ರಿ ನಡೆಸುತ್ತ, ಎಂಥ ಮಳೆಯಲ್ಲೂ ಆಸ್ಪತ್ರೆಯ ಹೊದಿಕೆಗಳನ್ನು ಹೇಳಿದ ಹೊತ್ತಿಗೆ ಗರಿಗರಿಯಾಗಿ ಕೊಟ್ಟವಳು. ಅಂಥವಳ ಮುಂದೆ ಸ್ವಂತ ತಂಗಿಯ ಮನೆಯ ಗೋಡೆಯೊಂದು ಹಟ ಹಿಡಿದು ನಿಂತಿತ್ತು.

ಎರಡು ತಿಂಗಳ ಹಿಂದೆ ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡಿತ್ತು. ಬಚ್ಚಲ ಕಿಂಡಿಯಿಂದ ಕೊಳಚೆ ಉಕ್ಕಿ ಬಂದು ತಂಗಿಯ ಮನೆಯಲ್ಲಿ ಮೊಣಕಾಲುದ್ದ ನಿಂತಿತು. ಹಾಸಿಗೆ, ಅಕ್ಕಿಯ ಡಬ್ಬ, ಮಗುವಿನ ಪುಸ್ತಕದ ಚೀಲ, ಎಲ್ಲವೂ ಆ ಕಪ್ಪು ನೀರಿನಲ್ಲಿ ತೇಲಿದವು. ಅಕ್ಕ ಓಡಿ ಬಂದು ತಂಗಿ, ಅವಳ ಗಂಡ, ಏಳು ವರ್ಷದ ಮಗಳು ಮೂವರನ್ನೂ ತನ್ನ ಮನೆಗೆ ಕರೆದೊಯ್ದಳು. ಆಮೇಲೆ ಸೊಂಟದೆತ್ತರಕ್ಕೆ ಹಳೆಯ ಗಾರೆ ಕೆತ್ತಿಸಿದಳು. ಬ್ಲೀಚಿಂಗ್ ಪೌಡರ್ ಸುರಿದು ನೆಲ ತಿಕ್ಕಿದಳು. ಹೊಸ ಗಾರೆ ಹಾಕಿಸಿದಳು.

ಗಂಡ ತೀರಿಕೊಂಡ ಮೇಲೆ ಅವಳೂ ನಾಲ್ಕು ವರ್ಷ ಬೇರೆಯವರ ಮನೆಯಲ್ಲಿ ಇದ್ದವಳು. ಇನ್ನೊಬ್ಬರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಮುಟ್ಟಲೂ ಕೇಳಬೇಕಾದ ಆ ಸಂಕೋಚ ಅವಳಿಗೆ ಗೊತ್ತಿತ್ತು. ತಂಗಿಗೆ ಅದು ಬೇಡ. ಆದಷ್ಟು ಬೇಗ ಅವಳನ್ನು ಅವಳ ಮನೆಗೆ ಸೇರಿಸಬೇಕು. ಬೇರೆ ಯಾವುದೂ ಅವಳ ತಲೆಯಲ್ಲಿರಲಿಲ್ಲ.

ಮೊದಲ ದಿನವೇ ತನ್ನ ಕೋಣೆ ಬಿಟ್ಟುಕೊಡಲು ಹೋಗಿದ್ದಳು. ತಂಗಿ ಒಪ್ಪಲಿಲ್ಲ.

"ಬೇಡಕ್ಕ. ಎಲ್ಲರೂ ನಡುಮನೇಲೇ ಸಾಲಾಗಿ ಮಲಗೋಣ. ಚಿಕ್ಕವರಿದ್ದಾಗ ಮಲಗ್ತಿದ್ವಲ್ಲ, ಹಾಗೆ."

"ನನ್ನ ಗೊರಕೆಗೆ ನಿನ್ನ ಗಂಡ ಎದ್ದು ಓಡಿ ಹೋಗ್ತಾನೆ ಕಣೇ."

"ಇರಲಿ ಬಿಡು. ನಿನ್ನ ಗೊರಕೆ ಕೇಳಿದ್ರೆ ನಂಗೆ ಚೆನ್ನಾಗಿ ನಿದ್ದೆ ಬರತ್ತೆ."

ಹಂಗಿನ ಭಾರ, ಪಾಪ, ಅಂದುಕೊಂಡಳು ಅಕ್ಕ.

ತಂಗಿಯ ಗಂಡ ಮಾತ್ರ ಬಂಗಾರದಂಥವನು. ಉಂಡ ತಟ್ಟೆ ತಾನೇ ತೊಳೆದಿಡುತ್ತಿದ್ದ. ದನಿ ಎತ್ತಿ ಮಾತಾಡಿದ್ದನ್ನು ಅಕ್ಕಪಕ್ಕದವರೂ ಕೇಳಿರಲಿಲ್ಲ. "ನಿನ್ನ ಯಜಮಾನರ ಬಾಯಲ್ಲಿ ಬೆರಳಿಟ್ಟರೂ ಕಚ್ಚೋಕೆ ಬರಲ್ಲ" ಎಂದು ಅಕ್ಕ ಛೇಡಿಸಿದರೆ ತಂಗಿ ನಕ್ಕು, ಒಲೆಯ ಕಡೆ ತಿರುಗುತ್ತಿದ್ದಳು. ಮಗು ಅಕ್ಕನ ಸೆರಗು ಬಿಡುತ್ತಿರಲಿಲ್ಲ. ಶನಿವಾರ ಬಂತೆಂದರೆ ಒಂದೇ ಪ್ರಶ್ನೆ: "ದೊಡ್ಡಮ್ಮ, ನಾಳೆ ನೀನು ಎಲ್ಲಿಗೂ ಹೋಗಲ್ಲ ಅಲ್ವಾ?"

ಇನ್ಸ್‌ಪೆಕ್ಟರ್ ಬಂದು ಹೋದ ಮಾರನೆಯ ಬೆಳಿಗ್ಗೆ ಅಕ್ಕ ಲಾಂಡ್ರಿಯ ದೊಡ್ಡ ಫ್ಯಾನನ್ನು ಆಟೋದಲ್ಲಿ ಹೇರಿಕೊಂಡು ತಂಗಿಯ ಮನೆಗೆ ಬಂದಳು. ಬಾಗಿಲು ತೆರೆದೇ ಇತ್ತು. ಒಳಗೆ ತಂಗಿ ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ಗೋಡೆಗೆ ನೀರು ಎರಚುತ್ತಿದ್ದಳು.

"ಏನೇ ಇದು!"

ತಂಗಿಯ ಕೈಯಿಂದ ಚೊಂಬು ಜಾರಿತು. "ಅದು... ಮೇಸ್ತ್ರಿ ಹೇಳಿದ್ರಲ್ಲಕ್ಕ, ಹೊಸ ಗಾರೆಗೆ ನೀರು ಹಾಕ್ಬೇಕು ಅಂತ. ಗಟ್ಟಿಯಾಗ್ಲಿ ಅಂತ..."

"ಅಯ್ಯೋ ದಡ್ಡಿ! ಅವನು ಹೇಳಿದ್ದು ಏಳು ದಿನ ಕಣೇ! ನೀನು ತಿಂಗಳುಗಟ್ಟಲೆ ಗೋಡೆಗೆ ಸ್ನಾನ ಮಾಡಿಸ್ತಿದೀಯ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿಯೂ ನಕ್ಕಳು, ಸ್ವಲ್ಪ ತಡವಾಗಿ.

"ಅಕ್ಕ, ಅವರಿಗೆ ಹೇಳ್ಬೇಡ. ನಗ್ತಾರೆ."

ಅಕ್ಕನ ಹೊಟ್ಟೆಯಲ್ಲಿ ಮಾತು ನಿಂತರೆ ತಾನೆ? ಅಂದಿನ ಊಟದ ಹೊತ್ತಿಗೇ ಅದು ಹೊರಬಿತ್ತು. ತಂಗಿಯ ಗಂಡ ಮೆಲ್ಲಗೆ ನಕ್ಕ.

"ಅವಳಿಗೆ ಅಷ್ಟೆಲ್ಲ ತಿಳಿಯಲ್ಲ ಅಕ್ಕ. ಮನೆಗೆ ಹೋದ ಮೇಲೆ ನಾನು ಹೇಳಿಕೊಡ್ತೀನಿ."

ಅಂದಿನಿಂದ ಬೀಗದ ಕೈಯನ್ನು ಅಕ್ಕ ತನ್ನ ಬಳಿಯೇ ಇಟ್ಟುಕೊಂಡಳು. ಪಕ್ಕದ ಮನೆಯಿಂದ ವೈರ್ ಎಳೆಸಿ ಫ್ಯಾನ್ ಹಾಕಿದಳು. ದಿನಕ್ಕೆರಡು ಸಲ ಹೋಗಿ, ಒಗೆದ ಬಟ್ಟೆ ಮುಟ್ಟಿ ನೋಡುವಂತೆ ಗೋಡೆಗೆ ಅಂಗೈ ಇಟ್ಟು ನೋಡಿದಳು. ಒಂಬತ್ತನೆಯ ದಿನ ಇನ್ಸ್‌ಪೆಕ್ಟರ್ ಯಂತ್ರ ಒತ್ತಿದರು. ಹಸಿರು ದೀಪ.

"ಗೆದ್ದೆ ಕಣೇ!" ಎಂದು ಅಕ್ಕ ಬಾಗಿಲಲ್ಲೇ ಕೂಗಿದಳು. ಬಟ್ಟೆ ಮಡಿಸುತ್ತಿದ್ದ ತಂಗಿ ತಲೆ ಎತ್ತಲಿಲ್ಲ. ಮಡಿಸಿದ್ದ ಸೀರೆಯನ್ನು ಬಿಡಿಸಿ ಮತ್ತೆ ಮಡಿಸಿದಳು. ಅಳುತ್ತಿದ್ದಳು. ಅಕ್ಕನ ಕಣ್ಣೂ ತುಂಬಿತು. ಸ್ವಂತ ಮನೆ ಅಂದರೆ ಹಾಗೇ.

ಭಾನುವಾರ ಸಾಮಾನು ಸಾಗಿಸಿದರು. ಅಕ್ಕ ಹೊಸ ಹಾಸಿಗೆ ಬಿಡಿಸಿದಳು, ಒಲೆ ಹೊತ್ತಿಸಿ ಹಾಲು ಕಾಯಿಸಿದಳು, ಮಗುವಿನ ಪುಸ್ತಕಗಳನ್ನು ಶೆಲ್ಫಿನಲ್ಲಿ ಜೋಡಿಸಿದಳು. ತಂಗಿಯ ಗಂಡ ಕೈ ಮುಗಿದ. "ನಿಮ್ಮ ಉಪಕಾರ ಮರೆಯೋ ಹಾಗಿಲ್ಲ ಅಕ್ಕ." ತಂಗಿ ಅಕ್ಕನನ್ನು ಅಪ್ಪಿಕೊಂಡಳು. ತೋಳು ಸಡಿಲಿಸಲು ಬಹಳ ಹೊತ್ತು ಹಿಡಿಯಿತು.

"ಹುಚ್ಚಿ, ನಾಲ್ಕೇ ಬೀದಿ ಆಚೆ ಇದೀನಿ. ಇನ್ನು ನಿನಗೆ ಯಾರ ಹಂಗೂ ಇಲ್ಲ. ಹಾಯಾಗಿರು."

ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಅಕ್ಕ ಬೀದಿಯ ತಿರುವಿಗೆ ಬಂದಾಗ ಪುಟ್ಟ ಹೆಜ್ಜೆಗಳು ಓಡಿ ಬಂದವು. ಮಗು ಏದುಸಿರು ಬಿಡುತ್ತ ಅವಳ ಕೈ ಹಿಡಿದುಕೊಂಡಿತು.

"ದೊಡ್ಡಮ್ಮ, ನಿಮ್ಮನೆಗೂ ಕೊಳಚೆ ನೀರು ಬಂದ್ರೆ ನೀನು ನಮ್ಮನೇಲೇ ಇರ್ತೀಯ ಅಲ್ವಾ? ನೀನಿದ್ರೆ ಅಪ್ಪ ಅಮ್ಮನ್ನ ಹೊಡೆಯಲ್ಲ."